ಬಿದ್ದವರ ಹೆಸರು ಯಾರು ಬರೆದುಕೊಂಡರು?

ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಹೋಗುವವರು ಮಡಿಕೇರಿ ಪೇಟೆ ದಾಟಲೇಬೇಕು. ಅಲ್ಲಿ ಒಂದು ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಹೆಸರಿದೆ. ನಮ್ಮ ಕರಾವಳಿಯವರು ಎಷ್ಟೋ ಜನ ಆ ವೃತ್ತದಲ್ಲಿ ಬಸ್ಸಿಗೆ ಕಾದಿದ್ದೇವೆ, ಕಾಫಿ ಕುಡಿದಿದ್ದೇವೆ. ಆ ಹೆಸರಿನ ಹಿಂದಿನ ಕಥೆ ಗೊತ್ತಿರುವವರು ಮಾತ್ರ ಕಡಿಮೆ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು ಪಂಜಾಬಿನ ಆದಂಪುರದಲ್ಲಿ 12 ಮಿಸ್ಟೇರ್ ವಿಮಾನಗಳು ತಯಾರಾಗಿದ್ದವು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದ ಹದಿಮೂರನೆಯವರು ಅವರು. ಕೊನೆಗೆ ಅವರೂ ಹೊರಟರು. ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಕಡತದಲ್ಲಿ ‘ಕಾಣೆ’ ಅಂತ ಬರೆದರು.

ನಡೆದದ್ದು ಗೊತ್ತಾಗಿದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಬರಹಗಾರನೊಬ್ಬ 1979ರಲ್ಲಿ ತಂದ ಪುಸ್ತಕದಲ್ಲಿ ಆ ದಿನದ ಕಾಳಗದ ವಿವರ ಇತ್ತು. ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್ ಎಂಬ ಯುದ್ಧವಿಮಾನದಲ್ಲಿ ಬೆನ್ನಟ್ಟಿ ಬಂದು ಒಂದು ಮಿಸ್ಟೇರಿಗೆ ಗುಂಡು ಹೊಡೆದಿದ್ದರು. ಅದರ ಕಥೆ ಮುಗಿಯಿತು ಅಂದುಕೊಂಡಿದ್ದರು. ಆದರೆ ಪೆಟ್ಟು ತಿಂದ ಆ ವಿಮಾನ ತಿರುಗಿ ಎರಗಿತು. ತನಗಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿತು. ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. ಮಿಸ್ಟೇರಿನಲ್ಲಿದ್ದವರು ಬದುಕಲಿಲ್ಲ. ಆ ಮಿಸ್ಟೇರ್ ದೇವಯ್ಯನವರದ್ದು ಅಂತ ನಮ್ಮವರು ಲೆಕ್ಕ ಹಾಕಿ, ದಾಖಲೆ ತಾಳೆ ನೋಡಿ, 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. 23 ವರ್ಷ. ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ನಮ್ಮ ವಾಯುಪಡೆಯ ಅಧಿಕಾರಿ ಅವರೊಬ್ಬರೇ. ಬಿದ್ದ ಜಾಗದಲ್ಲಿ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು ಎನ್ನುತ್ತಾರೆ.

ಇದನ್ನು ಓದಿದ ಮೇಲೆ ನನಗೆ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ಶತ್ರುವಿನ ನೆಲದಲ್ಲಿ ಬಿದ್ದ ವಾಯುಯೋಧನ ಗತಿ ಏನಾಗುತ್ತದೆ ಅನ್ನುವುದು ಅವನ ಧೈರ್ಯದ ಮೇಲೆ ಅಷ್ಟಾಗಿ ನಿಂತಿಲ್ಲ. ಅವನ ಹೆಸರನ್ನು ಅಲ್ಲಿ ಯಾರಾದರೂ ಬರೆದುಕೊಂಡರಾ, ಬರೆದುಕೊಂಡದ್ದು ಊರಿಗೆ ತಲುಪಿತಾ ಅನ್ನುವುದರ ಮೇಲೆ ನಿಂತಿದೆ.

ನನ್ನ ದೊಡ್ಡಪ್ಪ ವಾಯುಪಡೆಯಲ್ಲಿದ್ದರು. ಪೈಲಟ್ ಅಲ್ಲ, ಏರ್‌ಫ್ರೇಮ್ ಫಿಟ್ಟರ್. ವಿಮಾನದ ಮೈ, ಚಕ್ರ, ಬ್ರೇಕು ನೋಡಿಕೊಳ್ಳುವ ಕೆಲಸ. ಆ ಕಾಲದಲ್ಲಿ ಉಡುಪಿ, ಕುಂದಾಪುರದ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು ಕೆಲವರು ಬೊಂಬಾಯಿಯ ಹೋಟೆಲಿಗೆ ಹೋಗುತ್ತಿದ್ದರು, ಕೆಲವರು ಹೀಗೆ ಏರ್‌ಮನ್ ಆಗಿ ಸೇರುತ್ತಿದ್ದರು. 1971ರ ಡಿಸೆಂಬರ್‌ನಲ್ಲಿ ಅವರು ಪಂಜಾಬಿನ ಒಂದು ನೆಲೆಯಲ್ಲಿದ್ದರು. ನಿವೃತ್ತರಾಗಿ ಕಲ್ಯಾಣಪುರದ ಮನೆಗೆ ಬಂದ ಮೇಲೂ ಯುದ್ಧದ ಸುದ್ದಿ ಜಾಸ್ತಿ ಎತ್ತುತ್ತಿರಲಿಲ್ಲ. ಎತ್ತಿದರೆ ಅದು ಫಾರ್ಮ್ 700ರ ಸುದ್ದಿ.

ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತದೆ, ಅದೇ ಫಾರ್ಮ್ 700. ಎಣ್ಣೆ ಎಷ್ಟು ತುಂಬಿಸಿದೆ, ಆಮ್ಲಜನಕ ಎಷ್ಟಿದೆ, ಗುಂಡು ಎಷ್ಟು ಹಾಕಿದೆ, ಟಯರು ಯಾರು ನೋಡಿದರು, ಎಲ್ಲ ಅದರಲ್ಲಿ ಬರೆದು ಒಬ್ಬೊಬ್ಬರೂ ಸಹಿ ಹಾಕಬೇಕು. ಕೊನೆಗೆ ಪೈಲಟ್ ಬಂದು ಓದಿ, ‘ಸರಿಯಿದೆ, ಒಪ್ಪಿಕೊಂಡೆ’ ಅಂತ ತನ್ನ ಸಹಿ ಹಾಕಿ ಏಣಿ ಹತ್ತುತ್ತಾನೆ. ವಿಮಾನ ಹೋಗುತ್ತದೆ. ಪುಸ್ತಕ ನೆಲದ ಮೇಲೆ ಉಳಿಯುತ್ತದೆ.

“ವಿಮಾನ ಬಾರದಿದ್ರೆ ನೀವು ಎಂತ ಮಾಡುದು ದೊಡ್ಡಪ್ಪ?” ಅಂತ ಒಮ್ಮೆ ಕೇಳಿದ್ದೆ.

“ಎಂತ ಮಾಡ್ಲಿಕ್ಕುಂಟು ಮಗಾ? ಎಣ್ಣೆ ಎಷ್ಟು ಹೊತ್ತಿಗೆ ಮುಗೀತದೆ ಅಂತ ನಮಗೆ ಗೊತ್ತಿರ್ತದಲ್ಲ. ಆ ಹೊತ್ತು ದಾಟುವವರೆಗೆ ಏಣಿ ಹಿಡ್ಕೊಂಡು ನಿಲ್ಲುದು. ದಾಟಿದ ಮೇಲೂ ಸ್ವಲ್ಪ ನಿಲ್ಲುದು. ಆಮೇಲೆ ಆಫೀಸರ್ ಬಂದು ಪುಸ್ತಕ ತೆಕ್ಕೊಂಡು ಹೋಗ್ತಾರೆ. ಸಹಿ ಹಾಕಿದ ಶಾಯಿ ಒಣಗಿ ಒಂದು ಗಂಟೆ ಆಗಿರುದಿಲ್ಲ.”

ಇಲ್ಲಿ ನೆಲದ ಮೇಲೆ ಅವನ ಹೆಸರಿದೆ. ಗಡಿಯ ಆಚೆ ಇನ್ನೊಂದು ಪುಸ್ತಕದಲ್ಲಿ ಆ ಹೆಸರು ಬರುವವರೆಗೆ ಅವನು ಎಲ್ಲಿಗೂ ಸೇರಿದವನಲ್ಲ. ಆ ನಡುವಿನ ಹೊತ್ತೇ ಅತ್ಯಂತ ಅಪಾಯದ್ದು.

ಯಾಕೆಂದರೆ ಮೊದಲು ಓಡಿ ಬರುವವರು ಸೈನ್ಯದವರೇ ಆಗಿರಬೇಕು ಅಂತಿಲ್ಲ. ಹೊಲದಲ್ಲಿದ್ದ ರೈತರು, ದನ ಕಾಯುವ ಹುಡುಗರು, ಅದೇ ವಿಮಾನದ ಬಾಂಬಿಗೆ ಮನೆ ಕಳೆದುಕೊಂಡವರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ರುಸೆಲ್ಸ್‌ಹೈಮ್ ಊರಿನಲ್ಲಿ 1944ರ ಆಗಸ್ಟ್‌ನಲ್ಲಿ ಕೈದಿಗಳಾಗಿ ಸಾಗಿಸುತ್ತಿದ್ದ ಎಂಟು ಅಮೆರಿಕನ್ ವಾಯುಯೋಧರ ಮೇಲೆ ಊರವರು ಮುಗಿಬಿದ್ದರು. ಹಿಂದಿನ ರಾತ್ರಿಯಷ್ಟೇ ಆ ಊರಿನ ಮೇಲೆ ಬಾಂಬ್ ಬಿದ್ದಿತ್ತು, ಹಾಕಿದವರು ಬೇರೆಯವರು. ಎಂಟರಲ್ಲಿ ಆರು ಜನ ಬೀದಿಯಲ್ಲೇ ಸತ್ತರು. ಸಿಟ್ಟಿಗೆ ಕಾರಣ ಇತ್ತು, ಒಪ್ಪುತ್ತೇನೆ. ಆದರೆ ಬರಿಗೈಯಲ್ಲಿ ನಿಂತವನನ್ನು ಕಲ್ಲಿನಲ್ಲಿ ಜಜ್ಜುವುದಕ್ಕೆ ಯಾವ ಕಾರಣವೂ ಸಾಲುವುದಿಲ್ಲ.

ಕಾರ್ಗಿಲ್ ಯುದ್ಧದ ಒಂದೇ ದಿನ ಎರಡು ಗತಿಗಳನ್ನು ತೋರಿಸಿತು. 1999ರ ಮೇ 27ರಂದು ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ನಿಂತುಹೋಯಿತು. ಅವರು ಹೊರಗೆ ಹಾರಿದರು. ಅವರು ಎಲ್ಲಿ ಇಳಿದರು ಅಂತ ಹುಡುಕಲು ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅಲ್ಲೇ ಸುತ್ತುತ್ತಾ ಉಳಿದರು. ಅಲ್ಲಿ ಉಳಿಯುವುದು ಎಷ್ಟು ಅಪಾಯ ಅಂತ ಅವರಿಗೆ ಗೊತ್ತಿತ್ತು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಅವರ ಮಿಗ್-21ಕ್ಕೆ ತಗುಲಿತು. ಅವರೂ ಹಾರಿದರು. ನಚಿಕೇತ ಅವರನ್ನು ಹಿಡಿದ ಸೈನಿಕರು ಹೊಡೆದರು. ಹಿರಿಯ ಅಧಿಕಾರಿಯೊಬ್ಬರು ಬಂದು ತಡೆದರು ಅಂತ ನಚಿಕೇತ ಅವರೇ ಆಮೇಲೆ ಹೇಳಿದ್ದಾರೆ. ಜೂನ್ ಮೊದಲ ವಾರದಲ್ಲಿ ಅವರು ರೆಡ್ ಕ್ರಾಸ್ ಮೂಲಕ ವಾಪಸ್ ಬಂದರು. ಅಹುಜಾ ಅವರದ್ದು ಶವ ಬಂತು. ನೆಲಕ್ಕೆ ಇಳಿದ ಮೇಲೆ ಹತ್ತಿರದಿಂದ ಗುಂಡು ಹೊಡೆದಿದ್ದಾರೆ ಅಂತ ಇಲ್ಲಿನ ಪರೀಕ್ಷೆಯಲ್ಲಿ ಗೊತ್ತಾಯಿತು. ಒಂದೇ ದಿನ, ಒಂದೇ ಯುದ್ಧ. ಒಬ್ಬರ ಹತ್ತಿರ ತಡೆಯುವವರು ಒಬ್ಬರು ಇದ್ದರು, ಇನ್ನೊಬ್ಬರ ಹತ್ತಿರ ಇರಲಿಲ್ಲ.

ಕಾನೂನಿನಲ್ಲಿ ಇದೆಲ್ಲ ಬರೆದಿಟ್ಟಿದೆ. ಕೆಟ್ಟ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವವನಿಗೆ ಗುಂಡು ಹೊಡೆಯಬಾರದು, ನೆಲಕ್ಕೆ ಬಂದ ಮೇಲೆ ಶರಣಾಗಲು ಅವಕಾಶ ಕೊಡಬೇಕು ಅನ್ನುತ್ತದೆ 1977ರ ಜಿನೀವಾ ಒಪ್ಪಂದದ ಪೂರಕ ನಿಯಮ. 1949ರ ಒಪ್ಪಂದದ ಪ್ರಕಾರ ಕೈದಿ ಹೇಳಬೇಕಾದ್ದು ನಾಲ್ಕೇ: ಹೆಸರು, ಹುದ್ದೆ, ಹುಟ್ಟಿದ ದಿನ, ಸೇವಾ ಸಂಖ್ಯೆ. ಶಿಬಿರಕ್ಕೆ ಬಂದು ಒಂದು ವಾರದೊಳಗೆ ಅವನು ಮನೆಗೆ ಒಂದು ಕಾರ್ಡು, ಜಿನೀವಾದ ಕೇಂದ್ರಕ್ಕೆ ಒಂದು ಕಾರ್ಡು ಬರೆಯಲು ಬಿಡಬೇಕು. ಸತ್ತರೆ ಗೌರವದಿಂದ ಮಣ್ಣು ಮಾಡಿ ಗೋರಿಗೆ ಗುರುತು ಹಾಕಬೇಕು. ಗಮನಿಸಿ ನೋಡಿ, ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರಿನ ಸುತ್ತಲೇ ಇದೆ. ನಮ್ಮ ಮಂಗಳೂರಿನಲ್ಲಿ ರೆಡ್ ಕ್ರಾಸ್ ಅಂದರೆ ರಕ್ತದಾನ ಶಿಬಿರ ನೆನಪಾಗುತ್ತದೆ. ಆದರೆ ಮೊದಲ ಮಹಾಯುದ್ಧದಲ್ಲಿ ಜಿನೀವಾದಲ್ಲಿ ಕೂತು ಅದರ ಸ್ವಯಂಸೇವಕರು ಮಾಡಿದ ದೊಡ್ಡ ಕೆಲಸ ಹೆಸರು ಬರೆದು ಜೋಡಿಸುವುದು. ಸುಮಾರು 70 ಲಕ್ಷ ಚೀಟಿಗಳು. ಯಾವ ಸೈನಿಕ ಯಾವ ಶಿಬಿರದಲ್ಲಿದ್ದಾನೆ, ಯಾವ ಆಸ್ಪತ್ರೆಯಲ್ಲಿದ್ದಾನೆ, ಯಾವ ಗುಂಡಿಯಲ್ಲಿದ್ದಾನೆ. ಆ ಚೀಟಿಗಳು ಈಗಲೂ ಇವೆ.

2019ರ ಫೆಬ್ರುವರಿ 27 ನಿಮಗೆಲ್ಲ ನೆನಪಿರಬಹುದು. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ ಮಿಗ್-21 ಬಿದ್ದ ದಿನ. ಅವರು ಇಳಿದದ್ದು ಗಡಿಯಾಚೆ ಭಿಂಬರ್ ಕಡೆಯ ಹಳ್ಳಿಯಲ್ಲಿ. ಇದು ಭಾರತವಾ ಅಂತ ಅಲ್ಲಿನ ಹುಡುಗರನ್ನು ಕೇಳಿದರು. ಕೂಗಿದ ಘೋಷಣೆಗೆ ಬಂದ ಉತ್ತರದಲ್ಲಿ ಯಾವ ನೆಲ ಅಂತ ಗೊತ್ತಾಯಿತು. ಓಡಿದರು. ಗಾಳಿಯಲ್ಲಿ ಗುಂಡು ಹಾರಿಸಿದರು. ಒಂದು ಸಣ್ಣ ಕೊಳಕ್ಕೆ ಹಾರಿ ಕೈಯಲ್ಲಿದ್ದ ಕಾಗದಗಳನ್ನು ಬಾಯಿಗೆ ತುರುಕಿಕೊಂಡರು, ಉಳಿದದ್ದನ್ನು ನೀರಿನಲ್ಲಿ ನೆನೆಸಿದರು. ಜನ ಹೊಡೆಯುತ್ತಿದ್ದರು. ಸೈನ್ಯದವರು ಬಂದು ಬಿಡಿಸಿಕೊಂಡರು.

ಸ್ವಲ್ಪ ಹೊತ್ತಿನಲ್ಲೇ ಆ ವಿಡಿಯೋಗಳು ಇಲ್ಲಿನ ಪ್ರತಿ ಮನೆಯ ಮೊಬೈಲಿಗೆ ಬಂದವು. ಕಣ್ಣಿಗೆ ಪಟ್ಟಿ, ಮುಖದಲ್ಲಿ ರಕ್ತ. ಮದುವೆ ಮನೆಯ ಫೋಟೋ ಹಾಕುವ ಗುಂಪುಗಳಲ್ಲೂ ಅದೇ ವಿಡಿಯೋ. ಯುದ್ಧಕೈದಿಯನ್ನು ಜನರ ಕುತೂಹಲಕ್ಕೆ ಒಡ್ಡಬಾರದು ಅಂತ ಅದೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಅದನ್ನು ತೆಗೆದವರೂ ಮುರಿದರು, ಸುಮ್ನೆ ಮುಂದಕ್ಕೆ ಕಳಿಸುತ್ತಾ ಹೋದ ನಮ್ಮ ಕಡೆಯವರೂ ಆ ಮಾನಭಂಗವನ್ನು ಬೆಳೆಸಿದರು. ಅವರ ತಾಯಿ, ಹೆಂಡತಿ, ಮಕ್ಕಳು ಅದನ್ನು ನೋಡಬೇಕಾಗಿ ಬಂತಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಆ ಸಂಜೆ ದೊಡ್ಡಮ್ಮ ಟಿವಿ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. “ಆ ಹುಡುಗನನ್ನು ಕೊಂದೇ ಹಾಕ್ತಾರೆ” ಅಂದರು. ದೊಡ್ಡಪ್ಪ ಮಾತ್ರ ಕುರ್ಚಿಯಿಂದ ಅಲುಗಲಿಲ್ಲ. “ಇಲ್ಲ ಮಾರಾಯ್ತಿ. ಅವ ತನ್ನ ಹೆಸರು, ನಂಬರ್ ಹೇಳಿ ಆಯ್ತಲ್ಲ. ಇಡೀ ಲೋಕ ಕೇಳಿ ಆಯ್ತು. ಇನ್ನು ಅವನನ್ನು ಅಡಗಿಸ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಬರ್ತಾನೆ ನೋಡು” ಅಂದರು. ಮಾರ್ಚ್ 1ರ ರಾತ್ರಿ ಅಭಿನಂದನ್ ವಾಘಾ ದಾಟಿ ಬಂದರು.

ಕಾನೂನು ಮುರಿದ ಅದೇ ವಿಡಿಯೋ ಅವರು ಕಾಣೆಯಾಗದ ಹಾಗೆ ನೋಡಿಕೊಂಡಿತು ಅನ್ನುವುದನ್ನು ನಾನು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಳ್ಳಲು ಕಷ್ಟ, ಆದರೂ ನಿಜ. 1971ರಲ್ಲಿ ಅಂಥ ವಿಡಿಯೋ ಇರಲಿಲ್ಲ.

ಹೆಸರೇ ಕುತ್ತಾಗುವ ಜನವೂ ಇದ್ದರು. ಬಿದ್ದವನನ್ನು ಬಚ್ಚಿಟ್ಟವರು. ಜರ್ಮನಿ ಆಕ್ರಮಿಸಿಕೊಂಡಿದ್ದ ಬೆಲ್ಜಿಯಂನಲ್ಲಿ ಆಂಡ್ರೆ ಡಿ ಯೊಂಗ್ ಎಂಬ 24 ವರ್ಷದ ಯುವತಿ 1941ರಲ್ಲಿ ಒಂದು ದಾರಿ ಕಟ್ಟಿದಳು. ಕಾಮೆಟ್ ಲೈನ್ ಅಂತ ಅದರ ಹೆಸರು. ಬ್ರಸೆಲ್ಸ್‌ನಿಂದ ಪ್ಯಾರಿಸ್, ಅಲ್ಲಿಂದ ಪಿರೆನೀಸ್ ಬೆಟ್ಟ ಹತ್ತಿ ಸ್ಪೇನ್. ಬಿದ್ದ ಬ್ರಿಟಿಷ್, ಅಮೆರಿಕನ್ ವಾಯುಯೋಧರನ್ನು ಮನೆಯಿಂದ ಮನೆಗೆ ದಾಟಿಸುತ್ತಾ, ರೈಲು ಹತ್ತಿಸುತ್ತಾ, ರಾತ್ರಿ ಬೆಟ್ಟದಲ್ಲಿ ತಾನೇ ಮುಂದೆ ನಡೆಯುತ್ತಾ ಸಾಗಿಸಿದಳು. ಅಲ್ಲಿ ನಿಯಮ ತಿರುವುಮುರುವು. ಸಹಾಯ ಮಾಡಿದವರ ಹೆಸರು ಕೇಳಬೇಡ, ಗೊತ್ತಾದರೂ ಬರೆದಿಡಬೇಡ. ಪೈಲಟ್ ಸಿಕ್ಕಿಬಿದ್ದರೆ ಅವನಿಗೆ ಶಿಬಿರ. ಅವನ ಜೇಬಿನಲ್ಲಿ ಒಂದು ವಿಳಾಸ ಸಿಕ್ಕರೆ ಆ ಮನೆಯವರಿಗೆಲ್ಲ ಸಾವು. ಅವಳನ್ನು ಜನ ದೇದೇ ಅಂತ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದರು. 1943ರ ಜನವರಿಯಲ್ಲಿ ಸಿಕ್ಕಿಬಿದ್ದಳು, ನಾಜಿ ಶಿಬಿರಗಳಲ್ಲಿ ನರಳಿ ಬದುಕಿ ಬಂದಳು, ಆಮೇಲೆ ಆಫ್ರಿಕಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದಳು.

ಚೀನಾದ ಹಳ್ಳಿಗರ ಕಥೆ ಇನ್ನೂ ಕರುಣಾಜನಕ. 1942ರ ಏಪ್ರಿಲ್ 18ರಂದು ಡೂಲಿಟಲ್ ಎಂಬ ಅಧಿಕಾರಿಯ ನೇತೃತ್ವದಲ್ಲಿ 16 ಅಮೆರಿಕನ್ ವಿಮಾನಗಳು ಜಪಾನಿನ ಮೇಲೆ ಬಾಂಬ್ ಹಾಕಿ, ಎಣ್ಣೆ ಮುಗಿದು ಚೀನಾದ ಕರಾವಳಿಯ ಕಡೆ ಬಿದ್ದವು. ಒಂದು ಮಾತ್ರ ರಷ್ಯಾದಲ್ಲಿ ಇಳಿಯಿತು. 80 ಜನರಲ್ಲಿ ಜಪಾನಿಗೆ ಸಿಕ್ಕಿದವರು ಎಂಟೇ ಮಂದಿ. ಅವರಲ್ಲಿ ಮೂವರನ್ನು ಗುಂಡಿಟ್ಟು ಕೊಂದರು, ಒಬ್ಬ ಸೆರೆಯಲ್ಲಿ ಸತ್ತ. ಚೀನಾದಲ್ಲಿ ಬಿದ್ದ ಉಳಿದವರನ್ನು ಉಳಿಸಿದ್ದು ಅಲ್ಲಿನ ರೈತರು, ಮೀನುಗಾರರು. ಅದಕ್ಕೆ ಜಪಾನಿ ಸೈನ್ಯ ಜೆಜಿಯಾಂಗ್, ಜಿಯಾಂಗ್ಸಿ ಪ್ರಾಂತ್ಯಗಳ ಮೇಲೆ ಸೇಡು ತೀರಿಸಿಕೊಂಡಿತು. ಸತ್ತ ನಾಗರಿಕರ ಅಂದಾಜು ಎರಡೂವರೆ ಲಕ್ಷ. ಆ ಪೈಲಟ್‌ಗಳ ಹೆಸರು ಒಂದೊಂದೂ ದಾಖಲೆಯಲ್ಲಿದೆ. ಅವರಿಗೆ ಗಂಜಿ ಕೊಟ್ಟವರ ಹೆಸರು ಬಹುಪಾಲು ಯಾವ ದಾಖಲೆಯಲ್ಲೂ ಇಲ್ಲ.

ಸೆರೆಮನೆಯೊಳಗೂ ಹೆಸರಿನದ್ದೇ ಹೋರಾಟ. ವಿಯೆಟ್ನಾಂ ಯುದ್ಧದಲ್ಲಿ ಬಿದ್ದ ಅಮೆರಿಕನ್ ಪೈಲಟ್‌ಗಳನ್ನು ಹನೋಯ್‌ನ ಹೋವಾ ಲೋ ಜೈಲಿನಲ್ಲಿ ಒಂಟಿ ಕೋಣೆಗಳಲ್ಲಿ ಇಟ್ಟರು. ಮಾತಾಡಿದರೆ ಹೊಡೆತ. ಅವರು ಗೋಡೆ ತಟ್ಟಲು ಶುರುಮಾಡಿದರು. ಇಂಗ್ಲಿಷ್ ಅಕ್ಷರಗಳನ್ನು ಐದು ಸಾಲು, ಐದು ಕಂಬದ ಚೌಕದಲ್ಲಿ ಮನಸ್ಸಿನಲ್ಲೇ ಬರೆದುಕೊಳ್ಳುವುದು. 26 ಅಕ್ಷರ 25 ಮನೆಗೆ ಹಿಡಿಸಬೇಕಲ್ಲ, ಅದಕ್ಕೆ ‘ಕೆ’ ಬಿಟ್ಟು ಅದರ ಬದಲು ‘ಸಿ’ ಬಳಸಿದರು. ಮೊದಲು ಸಾಲಿನ ಸಂಖ್ಯೆ ತಟ್ಟುವುದು, ಸ್ವಲ್ಪ ತಡೆದು ಕಂಬದ ಸಂಖ್ಯೆ. ಒಮ್ಮೆ ತಟ್ಟಿ, ತಡೆದು, ಮತ್ತೊಮ್ಮೆ ತಟ್ಟಿದರೆ ‘ಎ’. ಹೊಸಬ ಬಂದ ಕೂಡಲೇ ಪಕ್ಕದ ಗೋಡೆ ತಟ್ಟಿ ಅವನ ಹೆಸರು ಕೇಳಿ, ಅದನ್ನು ಮುಂದಿನ ಕೋಣೆಗೆ ದಾಟಿಸುತ್ತಿದ್ದರು. ಗುಡಿಸುವವರು ಪೊರಕೆಯ ಸದ್ದಿನಲ್ಲೂ ಇದನ್ನೇ ಮಾಡುತ್ತಿದ್ದರು.

ಅದೇ ಕೈದಿಗಳ ನಡುವೆ ಡಗ್ಲಸ್ ಹೆಗ್ಡಾಲ್ ಎಂಬ ಇಪ್ಪತ್ತರ ಆಸುಪಾಸಿನ ನಾವಿಕನಿದ್ದ. ಹಡಗಿನಿಂದ ಸಮುದ್ರಕ್ಕೆ ಬಿದ್ದು ಸೆರೆ ಸಿಕ್ಕವನು. ಪೆದ್ದನ ಹಾಗೆ ನಟಿಸಿದ, ಕಾವಲಿನವರು ನಂಬಿದರು. ಅವನು ಸುಮಾರು 256 ಕೈದಿಗಳ ಹೆಸರನ್ನು ಮಕ್ಕಳ ಹಾಡಿನ ಧಾಟಿಗೆ ಕೂಡಿಸಿ ಬಾಯಿಪಾಠ ಮಾಡಿಕೊಂಡ. ಬೇಗ ಬಿಡುಗಡೆಯಾಗುವುದು ಉಳಿದವರಿಗೆ ದ್ರೋಹ ಅಂತ ಕೈದಿಗಳ ಕಟ್ಟುಪಾಡಿತ್ತು. ಇವನಿಗೆ ಮಾತ್ರ ಹಿರಿಯರೇ ಹೋಗು ಅಂದರು. 1969ರಲ್ಲಿ ಹೊರಗೆ ಬಂದು ಎಲ್ಲ ಹೆಸರನ್ನೂ ಒಪ್ಪಿಸಿದ. ಅವನ ಬಾಯಿಂದ ಹೆಸರು ಕೇಳಿದ ಮೇಲೆಯೇ ‘ಕಾಣೆ’ ಪಟ್ಟಿಯಲ್ಲಿದ್ದ ಕೆಲವರು ‘ಕೈದಿ’ ಪಟ್ಟಿಗೆ ಬಂದರು. ನಮ್ಮಲ್ಲಿ ತುಳು ಜನಪದ ಹಾಡು ಪಾಡ್ದನವನ್ನು ಸಾವಿರಾರು ಸಾಲು ಬಾಯಲ್ಲಿ ಇಟ್ಟುಕೊಂಡ ಅಜ್ಜಿಯಂದಿರಿದ್ದಾರೆ. ಧಾಟಿ ಇದ್ದರೆ ಹೆಸರು ಮರೆಯುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೆ ನಮ್ಮ ಕೊಡಗಿಗೆ ಬರುತ್ತೇನೆ. 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು ಹಂಟರ್ ವಿಮಾನದಲ್ಲಿದ್ದ ಕೆ.ಸಿ. ಕಾರ್ಯಪ್ಪ ಗಡಿಯಾಚೆ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿತ್ತು. ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ ಅವರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಅದೇ ಜನರಲ್ ಕೈಕೆಳಗೆ ದುಡಿದವರು. ಬೇಕಾದರೆ ಮಗನನ್ನು ಬಿಟ್ಟುಬಿಡುತ್ತೇನೆ ಅಂತ ಮಡಿಕೇರಿಗೆ ಮಾತು ಕಳಿಸಿದರು. ಅವನು ಈಗ ನನ್ನ ಮಗನಲ್ಲ, ಈ ದೇಶದ ಮಗ, ನಿಮ್ಮಲ್ಲಿರುವ ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬರ್ಥದ ಉತ್ತರ ಹೋಯಿತು. ಮಗ ಉಳಿದವರ ಜೊತೆಯಲ್ಲೇ 1966ರ ಜನವರಿಯಲ್ಲಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಈ ಕಥೆ ಎಲ್ಲರಿಗೂ ಗೊತ್ತು, ಭಾಷಣಗಳಲ್ಲಿ ಬರುತ್ತಲೇ ಇರುತ್ತದೆ. ನನಗೆ ಅದರಲ್ಲಿ ಬೇರೆಯದು ಕಾಣುತ್ತದೆ. ತಂದೆಯ ಹೆಸರಿನ ಬಲ ಒಬ್ಬ ಮಗನಿಗೆ ರಕ್ಷೆಯಾಗಿತ್ತು. ಆ ಬಲವನ್ನು ಹೆಸರಿಲ್ಲದ ಉಳಿದ ಕೈದಿಗಳಿಗೂ ಹಂಚಿಬಿಟ್ಟರಲ್ಲ, ಅದು ದೊಡ್ಡದು.

1971ರ ಯುದ್ಧ ಮುಗಿದು ತಿಂಗಳುಗಳಾದರೂ ನಮ್ಮ ಪೈಲಟ್‌ಗಳು ರಾವಲ್ಪಿಂಡಿಯ ಶಿಬಿರದಲ್ಲೇ ಇದ್ದರು. ಅವರಲ್ಲಿ ದಿಲೀಪ್ ಪಾರೂಳ್ಕರ್, ಮಲ್ವಿಂದರ್ ಸಿಂಗ್ ಗ್ರೆವಾಲ್, ಹರೀಶ್ ಸಿನ್ಹ್‌ಜಿ ಮೂವರೂ ಗೋಡೆಯ ಇಟ್ಟಿಗೆ ಒಂದೊಂದೇ ಬಿಡಿಸಿ, ಕಾವಲಿನವರಿಗೆ ಕಾಣದ ಹಾಗೆ ಮುಚ್ಚುತ್ತಾ, 1972ರ ಆಗಸ್ಟ್ 13ರ ನಡುರಾತ್ರಿ ಕಳೆದ ಮೇಲೆ ಹೊರಬಿದ್ದರು. ಭಾರತದ ಕಡೆ ಹೋಗಲಿಲ್ಲ. ಆ ಗಡಿಯಲ್ಲಿ ಸೈನ್ಯ ತುಂಬಿತ್ತು. ಉಲ್ಟಾ ದಿಕ್ಕಿಗೆ, ಅಫ್ಘಾನಿಸ್ತಾನದ ಕಡೆ ಹೊರಟರು. ಪಠಾಣರ ಹಾಗೆ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಪೇಶಾವರ, ಅಲ್ಲಿಂದ ಖೈಬರ್ ಕಣಿವೆಯ ಲಂಡಿ ಕೋತಲ್. ಬೆಳಗಾಗಿ ಸ್ವಲ್ಪ ಹೊತ್ತಿಗೆಲ್ಲ ಗಡಿಗೆ ಕೆಲವೇ ಮೈಲಿ ಉಳಿದಿತ್ತು.

ಕೆಡಿಸಿದ್ದು ಒಂದು ಊರಿನ ಹೆಸರು. ಅವರ ಹತ್ತಿರ ಇದ್ದ ಹಳೆಯ ನಕ್ಷೆಯಲ್ಲಿ ರೈಲು ಹಳಿ ಲಂಡಿ ಖಾನಾ ಎಂಬ ನಿಲ್ದಾಣದವರೆಗೆ ಇತ್ತು. ಲಂಡಿ ಖಾನಾಕ್ಕೆ ಹೋಗುವುದು ಹೇಗೆ ಅಂತ ಅಂಗಡಿಯ ಹತ್ತಿರ ವಿಚಾರಿಸಿದರು. ಆ ತುದಿಯ ರೈಲು 1932ರಲ್ಲೇ ನಿಂತುಹೋಗಿತ್ತು. ನಲವತ್ತು ವರ್ಷದಿಂದ ಯಾರೂ ಕೇಳದ ಊರನ್ನು ಕೇಳುವ ಇವರು ಯಾರು ಅಂತ ತಹಶೀಲ್ದಾರರ ಕಚೇರಿಯವರೊಬ್ಬರಿಗೆ ಅನುಮಾನ ಬಂತು. ಹಿಡಿದರು. ಸುಳ್ಳು ಹೆಸರುಗಳು ನಿಲ್ಲಲಿಲ್ಲ. ಬುಡಕಟ್ಟಿನ ಆ ನಾಡಿನಲ್ಲಿ ಗೂಢಚಾರರು ಅಂತ ತೀರ್ಮಾನವಾಗಿದ್ದರೆ ಅಲ್ಲೇ ಗುಂಡು. ಆಗ ಪಾರೂಳ್ಕರ್ ಒಂದು ನಿಜವಾದ ಹೆಸರು ಹೇಳಿದರು: ಉಸ್ಮಾನ್. ಶಿಬಿರದ ಉಸ್ತುವಾರಿ ನೋಡಿಕೊಂಡಿದ್ದು, ಆಗ ಪಾಕಿಸ್ತಾನದ ವಾಯುಪಡೆ ಮುಖ್ಯಸ್ಥರ ಹತ್ತಿರ ಕೆಲಸದಲ್ಲಿದ್ದ ಅಧಿಕಾರಿ ಅವರು. ಅವರಿಗೆ ಫೋನು ಹೋಯಿತು. ಇವರು ನಮ್ಮ ಕೈದಿಗಳೇ, ಕೈ ಮಾಡಬೇಡಿ ಅಂತ ಆ ಕಡೆಯಿಂದ ಮಾತು ಬಂದ ಮೇಲೆ ಮೂವರ ಜೀವ ಉಳಿಯಿತು. ಅದೇ ವರ್ಷ ಡಿಸೆಂಬರ್ 1ರಂದು ಉಳಿದ ಕೈದಿಗಳ ಜೊತೆ ವಾಘಾ ದಾಟಿದರು. ಇವರನ್ನು ಎತ್ತಿಕೊಂಡಾಡುವಾಗ ಫೋನಿನ ಆ ತುದಿಯಲ್ಲಿದ್ದ ಉಸ್ಮಾನ್ ಅವರನ್ನೂ ನಾವು ನೆನೆಯಬೇಕು. ಶತ್ರುವಾಗಿದ್ದೂ ಸುಳ್ಳು ಹೇಳಲಿಲ್ಲ ಆ ಮನುಷ್ಯ.

ಡಿಸೆಂಬರ್ 1ರಂದು ವಾಘಾದಲ್ಲಿ ಬಾರದೆ ಉಳಿದವರೂ ಇದ್ದರು.

ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ ತಾಂಬೆ 1971ರ ಡಿಸೆಂಬರ್ 5ರಂದು ಪಾಕಿಸ್ತಾನದ ಶೋರ್‌ಕೋಟ್ ವಾಯುನೆಲೆಯ ಮೇಲೆ ದಾಳಿಗೆ ಹೋದವರು. ಅದೇ ದಿನದ ಪಾಕಿಸ್ತಾನಿ ಪತ್ರಿಕೆಯೊಂದರಲ್ಲಿ ಐವರು ಭಾರತೀಯ ಪೈಲಟ್‌ಗಳು ಜೀವಂತ ಸೆರೆ ಸಿಕ್ಕಿದ್ದಾರೆ ಅಂತ ಸುದ್ದಿ ಬಂತು. ಅದರಲ್ಲಿ ‘ಟಾಂಬೆ’ ಎಂಬ ಹೆಸರಿತ್ತು. ಅವರ ಹೆಂಡತಿ ದಮಯಂತಿ ತಾಂಬೆ, ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಕೈದಿಗಳ ಪಟ್ಟಿಯಲ್ಲಿ ಆ ಹೆಸರು ಬರಲೇ ಇಲ್ಲ. ದಮಯಂತಿ ಬೇರೆ ಮದುವೆಯಾಗಲಿಲ್ಲ, ಕೇಳುವುದನ್ನು ಬಿಡಲೂ ಇಲ್ಲ. ಅದೇ ಯುದ್ಧದಲ್ಲಿ ಕಾಣೆಯಾಗಿದ್ದ ಸೈನ್ಯದ ಮೇಜರ್ ಅಶೋಕ್ ಸೂರಿ ಅವರ ತಂದೆಗೆ 1974ರ ಕೊನೆಯಲ್ಲಿ ಮಗನ ಕೈಬರಹದ ಚೀಟಿ ಬಂತು, ನಾನು ಇಲ್ಲಿ ಚೆನ್ನಾಗಿದ್ದೇನೆ ಅಂತ. ಯುದ್ಧ ಮುಗಿದು ಮೂರು ವರ್ಷ ಆದ ಮೇಲೆ. 1979ರಲ್ಲಿ ಸರ್ಕಾರ ಲೋಕಸಭೆಯಲ್ಲಿ ಹೆಸರುಗಳ ಪಟ್ಟಿ ಇಟ್ಟಿತು. ಹೀಗೆ ಬಾರದೆ ಉಳಿದವರನ್ನೆಲ್ಲ ಸೇರಿಸಿ ‘ಕಾಣೆಯಾದ 54’ ಅಂತಲೇ ಜನ ಕರೆಯುತ್ತಾರೆ. ಅದರಲ್ಲಿ ವಾಯುಪಡೆಯವರು ಬಹಳ ಜನ. 1983ರಲ್ಲಿ, ಮತ್ತೆ 2007ರಲ್ಲಿ ಮನೆಯವರು ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿ ಬಂದರು. ಯಾರೂ ಸಿಗಲಿಲ್ಲ. ನಮ್ಮ ಹತ್ತಿರ ಒಬ್ಬರೂ ಇಲ್ಲ ಅಂತ ಪಾಕಿಸ್ತಾನ ಹೇಳುತ್ತಲೇ ಬಂದಿದೆ.

ಇಷ್ಟು ವರ್ಷವಾದ ಮೇಲೂ ಇದನ್ನು ಕೆದಕಬೇಕಾ ಅಂತ ಕೇಳುವವರಿದ್ದಾರೆ. ಅಂಥವರಿಗೆ ಮಲ್ಪೆಗೆ ಹೋಗಿ ಕೇಳಿ ಅನ್ನುತ್ತೇನೆ. 2018ರ ಡಿಸೆಂಬರ್‌ನಲ್ಲಿ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರ ಜೊತೆ ಕಾಣೆಯಾಯಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಮಲ್ಪೆಯಿಂದ ಉಡುಪಿಗೆ ನಡೆದು ಹೆದ್ದಾರಿಯಲ್ಲಿ ಕೂತರು. ಯಾರೋ ಹಿಡಿದುಕೊಂಡು ಹೋಗಿರಬೇಕು, ಬದುಕಿರಬೇಕು ಅಂತ ಮನೆಯವರು ನಂಬಿದ್ದರು. ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ಬೋಟಿನ ಅವಶೇಷ ಗುರುತಿಸಿತು. ಬೋಟು ಸಿಕ್ಕಿತು, ಜನ ಸಿಗಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಊರಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮಾಡುವುದಾ, ಬೇಡವಾ? ಆಟಿ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸುವಾಗ ಅವನಿಗೂ ಒಂದು ಎಲೆ ಇಡುವುದಾ? ಇಟ್ಟರೆ ನಾವೇ ಅವನನ್ನು ಸಾಯಿಸಿದ ಹಾಗೆ. ಇಡದಿದ್ದರೆ, ಸತ್ತಿದ್ದರೆ, ಅವನನ್ನು ಹಸಿವಿನಲ್ಲಿ ಬಿಟ್ಟ ಹಾಗೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾನೆ ಅಂತ ತಿಳಿಯಬಹುದು ಅನ್ನುತ್ತದೆ ಕಾನೂನು. ಆಸ್ತಿಪತ್ರಕ್ಕೆ, ಪಿಂಚಣಿಗೆ ಅದು ಸಾಕು. ಎಲೆ ಇಡುವ ಕೈಗೆ ಸಾಕಾಗುವುದಿಲ್ಲ.

ಸಮುದ್ರವನ್ನು ಯಾರೂ ಪ್ರಶ್ನೆ ಮಾಡಲಾರರು. ಒಂದು ಸರ್ಕಾರವನ್ನು ಮಾಡಬಹುದು, ಅಲ್ವಾ? 2008ರ ಒಪ್ಪಂದದ ಪ್ರಕಾರ ಭಾರತ, ಪಾಕಿಸ್ತಾನ ಎರಡೂ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲುಗಳಲ್ಲಿರುವ ಇನ್ನೊಂದು ದೇಶದವರ ಹೆಸರುಗಳ ಪಟ್ಟಿ ಕೊಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೀನುಗಾರರು. ಆ ದಿನ ನಮ್ಮ ವಿದೇಶಾಂಗ ಇಲಾಖೆ ಹೊರಡಿಸುವ ಹೇಳಿಕೆಯಲ್ಲಿ ಮೀನುಗಾರರನ್ನು, ಅವರ ಬೋಟುಗಳನ್ನು ಬಿಡಿ ಅನ್ನುವುದರ ಜೊತೆಗೆ ಕಾಣೆಯಾದ ಭಾರತೀಯ ರಕ್ಷಣಾ ಸಿಬ್ಬಂದಿಯ ಮಾತೂ ಬರುತ್ತದೆ. ಪತ್ರಿಕೆಗಳು ಅದನ್ನು ಒಳಪುಟದಲ್ಲಿ ಎಲ್ಲೋ ಹಾಕುತ್ತವೆ. ಅವರಲ್ಲಿ ಯಾರಾದರೂ ನಡೆದು ಬರುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅವರಿಗೆಲ್ಲ ಈಗ ಎಂಬತ್ತರ ಆಸುಪಾಸು. ಎಲ್ಲಿ ಬಿದ್ದರು, ಯಾವ ಹಳ್ಳಿಯವರು ಮಣ್ಣು ಮಾಡಿದರು, ಯಾವ ಜೈಲಿನ ಪುಸ್ತಕದಲ್ಲಿ ಯಾವ ಕಾಗುಣಿತದಲ್ಲಿ ಹೆಸರಿದೆ, ಅಷ್ಟು ಸಿಕ್ಕರೆ ಸಾಕು. ಅಲ್ಲಿಯವರೆಗೆ ಆ ಹೇಳಿಕೆಯಿಂದ ಆ ಒಂದು ಸಾಲನ್ನು ಯಾವ ಸರ್ಕಾರವೂ ತೆಗೆಯಬಾರದು.